ಪತ್ತೇದಾರ ಕಪಿಯೂ ಮಾತನಾಡದ ಆನೆಯೂ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಮಾರ್ಗದಲ್ಲಿ ಸುಮಾರು 14 ಕಿಲೋಮೀಟರು ಸಾಗಿದರೆ, ಗಾಜನೂರು ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ಸಕ್ರೆಬೈಲು ಸಿಕ್ಕುತ್ತದೆ. ಅರಣ್ಯ ಇಲಾಖೆಯ ಆನೆಗಳ ಬಿಡಾರವಿರುವುದು ಇಲ್ಲಿಯೇ. ಕಾಡಿನಿಂದ ಹಿಡಿದು ತಂದ ಆನೆಗಳೂ ಬಿಡಾರದಲ್ಲಿಯೇ ಹುಟ್ಟಿದ ಮರಿಗಳೂ ಇಲ್ಲಿ ಒಟ್ಟಿಗೆ ಬಾಳುತ್ತವೆ. ಬೆಳಗಿನ ಹೊತ್ತು ಮಾವುತರೂ ಕಾವಾಡಿಗಳೂ ಅವುಗಳನ್ನು ತುಂಗೆಯ ನೀರಿಗಿಳಿಸಿ ಮೈಯುಜ್ಜುವ ದೃಶ್ಯವನ್ನು ನೋಡುವುದಕ್ಕೆ ದೂರದೂರದಿಂದ ಜನ ಬರುತ್ತಾರೆ.

ಒಂದು ಚಳಿಗಾಲದ ಬೆಳಗ್ಗೆ ನಾನೂ ಕಾಲೇಜಿನ ಕೆಲವು ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದೆ. ಮಾವುತನು ಒಂದು ಮಾತು ನುಡಿದೊಡನೆ ಆನೆ ನೀರಿನಲ್ಲಿ ಪಕ್ಕಕ್ಕೆ ಮಲಗಿತು. ಇನ್ನೊಂದು ಮಾತಿಗೆ ಎದ್ದು ನಿಂತಿತು. ಮೂರನೆಯದಕ್ಕೆ ಮುಂಗಾಲನ್ನು ಮಡಿಸಿ ಅವನು ಹತ್ತಲು ಮೆಟ್ಟಿಲು ಮಾಡಿಕೊಟ್ಟಿತು. ಎಲ್ಲರೂ ಇದನ್ನು ನೋಡುತ್ತ ಬೆರಗಾಗಿರುವಾಗ ಒಬ್ಬ ವಿದ್ಯಾರ್ಥಿ ಮಾತ್ರ ಮರದ ನೆರಳಿನಲ್ಲಿ ಕುಳಿತು ಏನನ್ನೋ ಓದುತ್ತಿದ್ದ. ಹತ್ತಿರ ಹೋಗಿ ನೋಡಿದೆ: ಬಣ್ಣದ ಚಿತ್ರಗಳ ಕಾಮಿಕ್ಸ್ ಪುಸ್ತಕ. ಷರ್ಲಾಕ್ ಹೋಮ್ಸನ ಟೋಪಿಯನ್ನು ತೊಟ್ಟ ಚಿಂಪಾಂಜಿಯೊಂದು ಕೊಲೆಗಾರನನ್ನು ಹುಡುಕುತ್ತಿದ್ದಿತು!

"ಎದುರಿಗೆ ನಿಜವಾದ ಆನೆ ಇರುವಾಗ ಈ ಸುಳ್ಳು ಕಪಿಯೇಕೆ?" ಎಂದು ಗದರಿಸಿದೆ.

ಹುಡುಗ ಪುಸ್ತಕವನ್ನು ಮಡಿಸಿ, ಸ್ವಲ್ಪ ಅಳುಕುತ್ತ ಹೇಳಿದ: "ಸರ್, ಈ ಕಪಿ ತಾನು ಯೋಚಿಸಿದ್ದನ್ನು ಹೇಳುತ್ತದೆ. ಆ ಆನೆ ಹೇಳುವುದಿಲ್ಲವಲ್ಲ!"

ಗದರಿಸಿದುದಕ್ಕೆ ನನಗೇ ನಾಚಿಕೆಯಾಯಿತು. ಅವನ ಮಾತಿಗೆ ಕೊಡಲು ಉತ್ತರವೂ ಆಗ ನನ್ನಲ್ಲಿರಲಿಲ್ಲ. ಮಾತನಾಡುವ ಪತ್ತೇದಾರ ಕಪಿ ನಮ್ಮನ್ನು ಏಕೆ ಸೆಳೆಯುತ್ತದೆ? ಮಾತಿಲ್ಲದ ಪ್ರಾಣಿ ನಿಜವಾಗಿಯೂ ಪತ್ತೇದಾರನಂತೆ ಯೋಚಿಸಬಲ್ಲುದೆ? ಅನಂತರ ನಾನು ಓದಿ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತೇನೆ.

ಅಪರಾಧಿಯಾಗಿದ್ದವನು ಪತ್ತೇದಾರನಾದದ್ದು

ಆಧುನಿಕ ಪತ್ತೇದಾರಿ ಕಥೆಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಒಪ್ಪಿರುವುದು ಅಮೆರಿಕದ ಎಡ್ಗರ್ ಅಲನ್ ಪೋ 1841ರಲ್ಲಿ ಪ್ರಕಟಿಸಿದ, ಪ್ಯಾರಿಸ್ ನಗರದ ಜೋಡಿ ಕೊಲೆಯ ಕಥೆಯನ್ನು. ಮುಚ್ಚಿದ ಕೋಣೆಯೊಳಗಿಂದ ಕೇಳಿಬಂದ ಧ್ವನಿಯ ಬಗ್ಗೆ ನಾನಾ ದೇಶದವರು ಸಾಕ್ಷ್ಯ ಹೇಳುತ್ತಾರೆ. ಪ್ರತಿಯೊಬ್ಬನೂ ಅದು ಯಾವುದೋ ಪರದೇಶದ ಭಾಷೆ ಎನ್ನುತ್ತಾನೆ. ಆದರೆ ಯಾವ ಭಾಷೆಯ ಹೆಸರನ್ನು ಹೇಳುತ್ತಾನೋ ಆ ಭಾಷೆ ಅವನಿಗೆ ಬಾರದು! ಎಲ್ಲರಿಗೂ ಪರಭಾಷೆಯಾಗಿ ಕೇಳಿಸಿದುದು ಯಾರಿಗೂ ಸೇರಿದ ಭಾಷೆಯಲ್ಲವೆಂದು ಪತ್ತೇದಾರ ದ್ಯೂಪಾಂ ತರ್ಕಿಸುತ್ತಾನೆ. ಅದು ಒರಾಂಗುಟಾನ್ ಕಪಿಯೊಂದರ ಕೂಗು. ಹೀಗೆ ಪತ್ತೇದಾರಿ ಸಾಹಿತ್ಯದ ಹೊಸ್ತಿಲಲ್ಲಿಯೇ ಕಪಿ ನಿಂತಿದೆ, ಆದರೆ ಅಪರಾಧಿಯಾಗಿ. ಅದನ್ನು ಹಿಡಿದುಕೊಟ್ಟದ್ದು ಅದಕ್ಕೆ ಮಾತು ಬಾರದೆಂಬ ಸಂಗತಿ.

ಸುಮಾರು 110 ವರ್ಷಗಳ ತರುವಾಯ ಪಾತ್ರಗಳು ಅದಲುಬದಲಾದುವು. 1951ರಲ್ಲಿ ಅಮೆರಿಕದ ಒಂದು ವಿಜ್ಞಾನ ಕಾಮಿಕ್ಸ್ ಪತ್ರಿಕೆಯ ಮುಖಪುಟದಲ್ಲಿ, ಮನುಷ್ಯನಂತೆ ಯೋಚಿಸುವ ಗೊರಿಲ್ಲಾ ಒಂದನ್ನು ಪಂಜರದೊಳಗೆ ಚಿತ್ರಿಸಿದ್ದರು. ಆ ಸಂಚಿಕೆಗೆ ಅಸಾಧಾರಣ ಬೇಡಿಕೆ ಬಂದಿತೆಂದು ಅದರ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಅನಂತರ ನೆನೆಸಿಕೊಂಡಿದ್ದಾನೆ. ಮರುವರ್ಷ, 1952ರಲ್ಲಿ, ಜಾನ್ ಬ್ರೂಮ್ ಬರೆದು ಕಾರ್ಮೈನ್ ಇನ್‌ಫ್ಯಾಂಟಿನೊ ಚಿತ್ರಿಸಿದ ಕಥೆಯೊಂದರಲ್ಲಿ 'ಬೋಬೊ' ಎಂಬ ಚಿಂಪಾಂಜಿ ಪತ್ತೇದಾರನಾಗಿ ಕಾಣಿಸಿಕೊಂಡ. ಫ್ಲಾರಿಡದ ಒಬ್ಬ ಪೊಲೀಸ್ ಅಧಿಕಾರಿಯ ಜೊತೆಗಾರ ಅವನು. ಮೊದಮೊದಲ ಕಥೆಗಳಲ್ಲಿ ಅವನು ಮನುಷ್ಯರೊಡನೆ ಮಾತನಾಡುತ್ತಿರಲಿಲ್ಲ. ಅವನ ಆಲೋಚನೆಗಳು ಓದುಗರಿಗೆ ಮಾತ್ರ ತಿಳಿಯುತ್ತಿದ್ದುವು. ಬಾಯಿಬಿಟ್ಟು ಮಾತನಾಡುವ ಶಕ್ತಿಯನ್ನು ಕಥೆಗಾರರು ಅವನಿಗೆ ಕೊಟ್ಟದ್ದು ಬಹಳ ಕಾಲದ ಮೇಲೆ.

ನಮ್ಮ ನಾಡಿಗೆ ಹೊಸದಲ್ಲ

ಇದನ್ನೆಲ್ಲ ಪಾಶ್ಚಾತ್ಯರ ಹುಚ್ಚೆಂದು ತಳ್ಳಿಹಾಕುವ ಮೊದಲು ನಮ್ಮ ಮನೆಯನ್ನೇ ನೋಡಿಕೊಳ್ಳೋಣ. ಹಂಪೆಯ ಎದುರು ದಡದ ಆನೆಗೊಂದಿಯ ಸುತ್ತಲಿನ ಪ್ರದೇಶವೇ ಕಿಷ್ಕಿಂಧೆಯೆಂದು ಪರಂಪರೆಯ ನಂಬಿಕೆ. ಅಲ್ಲಿಂದ ಸೀತೆಯನ್ನು ಹುಡುಕಿಕೊಂಡು ಹೊರಟ ಹನುಮಂತನನ್ನು ಭಕ್ತರು ಪೂಜಿಸುವುದು ಬೇರೆ ಕಾರಣಕ್ಕಾಗಿ. ನಾವಿಲ್ಲಿ ಕಥೆಯ ತರ್ಕವನ್ನಷ್ಟೇ ಗಮನಿಸೋಣ. ವಾಲ್ಮೀಕಿಯ ಸುಂದರಕಾಂಡದಲ್ಲಿ ಹನುಮಂತನು ರಾವಣನ ಅಂತಃಪುರದಲ್ಲಿ ಮಂಡೋದರಿಯನ್ನು ಕಂಡು, ಸೀತೆಯೇ ಸಿಕ್ಕಿದಳೆಂದು ಮೊದಲು ಹಿಗ್ಗುತ್ತಾನೆ. ಕೂಡಲೆ ಯೋಚಿಸುತ್ತಾನೆ: ರಾಮನಿಂದ ಅಗಲಿದವಳು ಹೀಗೆ ಅಲಂಕರಿಸಿಕೊಂಡು ನೆಮ್ಮದಿಯಾಗಿ ನಿದ್ರಿಸಲಾರಳು, ಆದುದರಿಂದ ಈಕೆ ಬೇರೆಯವಳು. ಮುಂದೆ ಅಶೋಕವನದಲ್ಲಿ ಸೀತೆಯನ್ನು ಗುರುತಿಸುವಾಗ, ಋಷ್ಯಮೂಕದಲ್ಲಿ ಬಿದ್ದು ದೊರಕಿದ್ದ ಆಭರಣಗಳು ಯಾವುವೋ ಅವೇ ಆಕೆಯ ಮೈಮೇಲೆ ಇಲ್ಲವೆಂಬುದನ್ನು ಲೆಕ್ಕಹಾಕುತ್ತಾನೆ. ಸಾಕ್ಷ್ಯವನ್ನು ತೂಗಿನೋಡುವ ಇದಕ್ಕಿಂತ ಉತ್ತಮ ಕ್ರಮ ಇಂದಿನ ಯಾವ ಪತ್ತೇದಾರನಲ್ಲಿದೆ?

ಪಂಚತಂತ್ರದ ಪ್ರಪಂಚವೂ ಇಂಥದೇ. 1031ರ ಸುಮಾರಿನಲ್ಲಿ ದುರ್ಗಸಿಂಹನು ಅದನ್ನು ಕನ್ನಡಕ್ಕೆ ತಂದಂದಿನಿಂದ ನಮ್ಮಲ್ಲಿ ನರಿ, ಮೊಸಳೆ, ಕೋತಿಗಳು ಮಾತನಾಡುತ್ತಲೇ ಇವೆ. ಗುಹೆಯ ಬಾಗಿಲಿಗೆ ಬಂದ ನರಿಯ ಕಥೆಯನ್ನು ಕೇಳದ ಮಕ್ಕಳು ಕಡಮೆ. ಸಿಂಹದ ಹೆಜ್ಜೆ ಒಳಕ್ಕೆ ಹೋದದ್ದುಂಟು, ಹೊರಕ್ಕೆ ಬಂದದ್ದಿಲ್ಲ. ಹಾಗಾದರೆ ಸಿಂಹ ಒಳಗೇ ಇರಬೇಕು! ಬೋಬೊ ಕೂಡ ಇದಕ್ಕಿಂತ ಹೆಚ್ಚಿನದೇನನ್ನೂ ಮಾಡುವುದಿಲ್ಲ.

ಈ ಆಕರ್ಷಣೆಗೆ ಕಾರಣವೇನು?

ಪತ್ತೇದಾರನು ಯಾವಾಗಲೂ ಗುಂಪಿನಿಂದ ತುಸು ಹೊರಗೆ ನಿಂತವನು. ಎಲ್ಲರೂ ಕಂಡೂ ಕಾಣದ ವಸ್ತುವನ್ನು ಅವನು ಕಾಣುತ್ತಾನೆ. ಮನುಷ್ಯರ ನಡುವೆ ಇದ್ದೂ ಮನುಷ್ಯನಲ್ಲದ ಕಪಿಗಿಂತ ಹೆಚ್ಚು ಹೊರಗಿನವನು ಬೇರೆ ಯಾರು? ಅದರ ಕಣ್ಣು, ಕೈಬೆರಳು, ಮುಖಭಾವಗಳು ನಮ್ಮವನ್ನು ಹೋಲುತ್ತವೆ. ಆದುದರಿಂದ ಅದರ ಮುಖದಲ್ಲಿ ಯೋಚನೆಯನ್ನು ಓದುವುದು ಸುಲಭ. ಆದರೂ ಅದು ನಾವಲ್ಲ.

ಇನ್ನೊಂದು ಕಾರಣ ಎಳೆಯ ಓದುಗರಿಗೆ ಹೆಚ್ಚು ಹತ್ತಿರವಾದುದು. ಅಪರಾಧಿ ಕಪಿಯ ಮುಂದೆ ಎಚ್ಚರದಿಂದಿರುವುದಿಲ್ಲ, ಏಕೆಂದರೆ ಅದಕ್ಕೆ ಏನೂ ತಿಳಿಯದೆಂದು ಅವನ ಎಣಿಕೆ. ಹಿರಿಯರ ಮಾತಿನ ನಡುವೆ ಬಾಯಿ ಹಾಕಬಾರದೆಂದು ಮೂಲೆಗೆ ಸೇರಿಸಲ್ಪಟ್ಟ ಯಾವ ಹುಡುಗನಿಗೂ ಹುಡುಗಿಗೂ ಈ ಸ್ಥಿತಿಯ ಪರಿಚಯವುಂಟು. ಲೆಕ್ಕಕ್ಕಿಲ್ಲದವನೇ ಕೊನೆಗೆ ಲೆಕ್ಕವನ್ನು ಬಿಡಿಸಿದಾಗ ಅವರಿಗೆ ಆಗುವ ಆನಂದ ಅಷ್ಟಿಷ್ಟಲ್ಲ.

ಮೂರನೆಯ ಕಾರಣ ಆ ವಿದ್ಯಾರ್ಥಿ ಹೇಳಿದುದೇ. ಪಾತ್ರದ ತಲೆಯ ಮೇಲೆ ಒಂದು ಬಿಳಿಯ ಗುಳ್ಳೆಯನ್ನು ಬರೆದು, ಅದರೊಳಗೆ ಆಲೋಚನೆಯನ್ನು ಅಕ್ಷರಗಳಲ್ಲಿ ತುಂಬುವುದು ಕಾಮಿಕ್ಸ್ ಕಲೆಯ ಅನುಕೂಲ. ಕ್ಷಕಿರಣವು ಮೂಳೆಯನ್ನು ತೋರಿಸುವಂತೆ ಈ ಗುಳ್ಳೆಯು ಮನಸ್ಸನ್ನು ತೋರಿಸುತ್ತದೆ. ಮೂಕ ಪ್ರಾಣಿಯ ತಲೆಯೊಳಗೆ ಏನು ನಡೆಯುತ್ತಿದೆಯೆಂಬ ಕುತೂಹಲ ಮನುಷ್ಯನಲ್ಲಿ ಬಹು ಹಳೆಯದು. ಕಥೆಗಾರ ಒಂದು ಗುಳ್ಳೆಯಿಂದ ಅದನ್ನು ತಣಿಸಿಬಿಡುತ್ತಾನೆ. ವಿಜ್ಞಾನಿಗೆ ಆ ಸೌಲಭ್ಯವಿಲ್ಲ.

ಕಪಿಗೆ ಮಾತೇಕಿಲ್ಲ?

ಬೋಬೊ ಚಿತ್ರದಲ್ಲಿ ಹುಟ್ಟಿದ ಕಾಲಕ್ಕೇ, ಅದೇ ಫ್ಲಾರಿಡದಲ್ಲಿ, ನಿಜವಾದ ಚಿಂಪಾಂಜಿಯೊಂದು ಮನುಷ್ಯರ ಮನೆಯಲ್ಲಿ ಮಗುವಿನಂತೆ ಬೆಳೆಯುತ್ತಿದ್ದಿತು. ಕೀತ್ ಹೇಯ್ಸ್ ಮತ್ತು ಕ್ಯಾಥರೀನ್ ಹೇಯ್ಸ್ ದಂಪತಿಗಳು 1947ರಿಂದ ಸಾಕಿದ ಈ ಹೆಣ್ಣು ಚಿಂಪಾಂಜಿಯ ಹೆಸರು ವಿಕಿ. ವರ್ಷಗಟ್ಟಲೆ ತುಟಿಗಳನ್ನು ಕೈಯಿಂದ ತಿದ್ದಿ ಕಲಿಸಿದರೂ ಅದು ಹೇಳಲು ಕಲಿತದ್ದು ನಾಲ್ಕೇ ಪದಗಳು: 'ಮಾಮಾ', 'ಪಾಪಾ', 'ಕಪ್', 'ಅಪ್'. ಅವೂ ಪಿಸುಗುಟ್ಟಿದಂತೆ ಬರುತ್ತಿದ್ದುವು.

ಕಪಿಗಳ ಗಂಟಲಿನ ರಚನೆಯೇ ಮಾತಿಗೆ ಅಡ್ಡಿಯೆಂದು ವಿದ್ವಾಂಸರು ಬಹುಕಾಲ ಭಾವಿಸಿದ್ದರು. 2016ರಲ್ಲಿ ಟೆಕಮ್ಸೆ ಫಿಚ್ ಮತ್ತು ಸಂಗಡಿಗರು ಮಕಾಕ್ ಜಾತಿಯ ಕೋತಿಯೊಂದು ಕೂಗುವಾಗಲೂ ತಿನ್ನುವಾಗಲೂ ಅದರ ಬಾಯಿ ಗಂಟಲುಗಳ ಕ್ಷಕಿರಣ ಚಲಚ್ಚಿತ್ರಗಳನ್ನು ತೆಗೆದು, ಆ ಆಕಾರಗಳಿಂದ ಯಾವ ಯಾವ ಸ್ವರಗಳು ಹುಟ್ಟಬಹುದೆಂದು ಗಣಿಸಿದರು. ಅರ್ಥವಾಗುವಂಥ ಮಾತಿಗೆ ಬೇಕಾದಷ್ಟು ಸ್ವರಗಳನ್ನು ಆ ಗಂಟಲು ಹೊರಡಿಸಬಲ್ಲುದೆಂದು ಕಂಡುಬಂದಿತು. ಕೊರತೆಯಿರುವುದು ವಾದ್ಯದಲ್ಲಿ ಅಲ್ಲ, ಅದನ್ನು ನುಡಿಸುವ ಮೆದುಳಿನಲ್ಲಿ ಎಂಬುದು ಅವರ ತೀರ್ಮಾನ.

ಮಾತಿನ ಬದಲು ಕೈಸನ್ನೆಯನ್ನು ಕಲಿಸುವ ಪ್ರಯತ್ನವೂ ನಡೆಯಿತು. 1966ರಲ್ಲಿ ಗಾರ್ಡ್‌ನರ್ ದಂಪತಿಗಳು ಆರಂಭಿಸಿದ ಪ್ರಯೋಗದಲ್ಲಿ ವಾಷೋ ಎಂಬ ಚಿಂಪಾಂಜಿ ಸುಮಾರು 130 ಸನ್ನೆಗಳನ್ನು ಕಲಿತಿತು. ಜಗತ್ತು ಸಂಭ್ರಮಿಸಿತು. ಆದರೆ 1979ರಲ್ಲಿ ಹರ್ಬರ್ಟ್ ಟೆರೇಸ್ ತಾನೇ ಸನ್ನೆ ಕಲಿಸಿದ 'ನಿಮ್' ಎಂಬ ಚಿಂಪಾಂಜಿಯ ಚಲಚ್ಚಿತ್ರಗಳನ್ನು ಪರೀಕ್ಷಿಸಿ, ಅದರ ಬಹುಪಾಲು ಸನ್ನೆಗಳು ಶಿಕ್ಷಕನ ಸನ್ನೆಗಳ ಅನುಕರಣೆಯೆಂದೂ ಅದರಲ್ಲಿ ವಾಕ್ಯರಚನೆಯಿಲ್ಲವೆಂದೂ ಪ್ರಕಟಿಸಿದ. ತನ್ನ ಆಸೆಗೆ ವಿರುದ್ಧವಾದ ಫಲವನ್ನು ತಾನೇ ಒಪ್ಪಿಕೊಂಡ ಈ ಪ್ರಾಮಾಣಿಕತೆ ಯಾವ ಪತ್ತೇದಾರನಿಗೂ ಭೂಷಣ.

ಎರಡು ಬಟ್ಟಲುಗಳ ಸಾಕ್ಷ್ಯ

ಹಾಗಾದರೆ ಮಾತಿಲ್ಲದವನಿಗೆ ತರ್ಕವೂ ಇಲ್ಲವೆ? ಇದನ್ನು ಪರೀಕ್ಷಿಸಲು ಜೋಸೆಪ್ ಕಾಲ್ ಎಂಬ ವಿಜ್ಞಾನಿ ಹೂಡಿದ ಉಪಾಯ ಬಹಳ ಸರಳ. 2004ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಮುಚ್ಚಿದ ಎರಡು ಬಟ್ಟಲುಗಳಲ್ಲಿ ಒಂದರೊಳಗೆ ಮಾತ್ರ ತಿನಿಸುಂಟು. ತಿನಿಸಿರುವ ಬಟ್ಟಲನ್ನು ಅಲುಗಿಸಿದರೆ ಗಡಗಡ ಸದ್ದಾಗುತ್ತದೆ. ಚಿಂಪಾಂಜಿ ಮೊದಲಾದ ಮಹಾಕಪಿಗಳಲ್ಲಿ ಕೆಲವು ಸದ್ದಾದ ಬಟ್ಟಲನ್ನೇ ಆರಿಸಿಕೊಂಡುವು. ಇದರಲ್ಲಿ ಅಂಥ ವಿಶೇಷವೇನೂ ಇಲ್ಲವೆನ್ನಬಹುದು. ಆದರೆ ಖಾಲಿ ಬಟ್ಟಲನ್ನು ಮಾತ್ರ ಅಲುಗಿಸಿ, ಸದ್ದೇ ಬಾರದಿದ್ದಾಗ, ಅವುಗಳಲ್ಲಿ ಕೆಲವು ಮುಟ್ಟದೆ ಇಟ್ಟಿದ್ದ ಇನ್ನೊಂದು ಬಟ್ಟಲನ್ನು ಆರಿಸಿಕೊಂಡುವು! ಬಟ್ಟಲನ್ನು ಅಲುಗಿಸದೆ ಬರಿದೆ ಬೆರಳಿನಿಂದ ತಟ್ಟಿ ಸದ್ದು ಮಾಡಿದರೆ ಆ ಸದ್ದು ಅವಕ್ಕೆ ಅಷ್ಟು ಉಪಯೋಗಕ್ಕೆ ಬರಲಿಲ್ಲ. ಎಂದರೆ, ಒಳಗಿನ ವಸ್ತುವೇ ಸದ್ದಿಗೆ ಕಾರಣವೆಂಬ ಭೌತಿಕ ಸಂಬಂಧವನ್ನು ಅವು ಹೇಗೋ ಹಿಡಿದಿದ್ದುವು.

"ಇದರಲ್ಲಿಲ್ಲ, ಆದುದರಿಂದ ಅದರಲ್ಲಿರಬೇಕು" ಎಂಬ ಈ ಬಗೆಯ ಊಹೆಗೆ ನಮ್ಮ ತರ್ಕಶಾಸ್ತ್ರದಲ್ಲಿ ಪರಿಶೇಷಾನುಮಾನವೆಂದು ಹೆಸರು. ಮಂಡೋದರಿಯನ್ನು ಬಿಟ್ಟು ಮುಂದೆ ನಡೆದ ಹನುಮಂತನದೂ ಇದೇ ದಾರಿ.

ಈಗ ಸಕ್ರೆಬೈಲಿನ ಆನೆಗೆ ಮರಳೋಣ. ಏಷ್ಯದ ಆನೆಗಳ ಮೇಲೆ ಇದೇ ಪ್ರಯೋಗವನ್ನು ಥಾಯ್ಲೆಂಡಿನಲ್ಲಿ ಜೋಷುವ ಪ್ಲಾಟ್ನಿಕ್ ಮತ್ತು ಸಂಗಡಿಗರು ನಡೆಸಿ, 2014ರಲ್ಲಿ ಪ್ರಕಟಿಸಿದರು. ಬಟ್ಟಲಿನ ಬದಲು ಬಕೆಟ್ಟುಗಳು. ಅಲುಗಿಸಿದ ಸದ್ದಿನಿಂದ ಆನೆಗಳು ಏನನ್ನೂ ಊಹಿಸಲಿಲ್ಲ. ಅವಸರದ ಪ್ರಯೋಗಕಾರನಾಗಿದ್ದರೆ ಇಲ್ಲಿಗೇ ನಿಲ್ಲಿಸಿ, ಆನೆಗೆ ಕಪಿಯಷ್ಟು ಬುದ್ಧಿಯಿಲ್ಲವೆಂದು ಬರೆದುಬಿಡುತ್ತಿದ್ದ. ಇವರು ಪ್ರಶ್ನೆಯನ್ನು ಆನೆಯ ಭಾಷೆಯಲ್ಲಿ, ಎಂದರೆ ವಾಸನೆಯಲ್ಲಿ, ಕೇಳಿದರು. ಖಾಲಿ ಬಕೆಟ್ಟನ್ನು ಮಾತ್ರ ಮೂಸಲು ಬಿಟ್ಟಾಗಲೂ ಆನೆಗಳು ಅದನ್ನು ತ್ಯಜಿಸಿ ಇನ್ನೊಂದನ್ನು ಆರಿಸಿಕೊಂಡುವು. ಅದೇ ಪರಿಶೇಷಾನುಮಾನ, ಆದರೆ ಕಿವಿಯ ಮೂಲಕವಲ್ಲ, ಸೊಂಡಿಲಿನ ಮೂಲಕ. ವಾಸನೆಯನ್ನು ಗ್ರಹಿಸುವ ಜೀನುಗಳು ಮನುಷ್ಯನಲ್ಲಿ ಸುಮಾರು 400. ಆಫ್ರಿಕದ ಆನೆಯಲ್ಲಿ ಸುಮಾರು 2000 ಎಂಬುದನ್ನು ನೆನೆದರೆ ಇದು ಆಶ್ಚರ್ಯವಲ್ಲ.

ನಮಗೆ ಕೇಳಿಸದ ಮಾತು

ಆನೆ ಮನುಷ್ಯನ ಮಾತನ್ನು ಆಡಿದ್ದೂ ಉಂಟು. ದಕ್ಷಿಣ ಕೊರಿಯದ ಮೃಗಾಲಯವೊಂದರ ಕೊಶಿಕ್ ಎಂಬ ಆನೆ ಸೊಂಡಿಲನ್ನು ಬಾಯೊಳಗಿಟ್ಟು ಸ್ವರವನ್ನು ತಿದ್ದಿ, ಕೊರಿಯದ ಭಾಷೆಯ ಐದು ಪದಗಳನ್ನು ಕೇಳಿದವರಿಗೆ ಗುರುತಾಗುವಂತೆ ಅನುಕರಿಸುತ್ತದೆಂದು 2012ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. 'ಕುಳಿತುಕೋ', 'ಮಲಗು' ಎಂಬ ಆಜ್ಞೆಗಳು ಅವುಗಳಲ್ಲಿ ಸೇರಿದ್ದುವು. ಆದರೆ ಕೊಶಿಕ್ 'ಕುಳಿತುಕೋ' ಎಂದಾಗ ಯಾರೂ ಕುಳಿತುಕೊಳ್ಳಲೆಂದು ಅದು ಎದುರುನೋಡುತ್ತಿರಲಿಲ್ಲ. ಎಳೆಯ ವಯಸ್ಸಿನಲ್ಲಿ ಅನೇಕ ವರ್ಷ ಬೇರೆ ಆನೆಗಳ ಸಂಗವಿಲ್ಲದೆ ಬೆಳೆದ ಅದು, ಹತ್ತಿರವಿದ್ದ ಮನುಷ್ಯರೊಡನೆ ಸ್ನೇಹವನ್ನು ಉಳಿಸಿಕೊಳ್ಳಲು ಹೀಗೆ ಮಾಡಿರಬಹುದೆಂದು ಸಂಶೋಧಕರು ಭಾವಿಸಿದರು. ಮಾತನಾಡುವ ಪ್ರಾಣಿಯ ನಿಜವಾದ ಕಥೆ ಕಾಮಿಕ್ಸಿನಷ್ಟು ನಗೆಯದಲ್ಲ.

ಆನೆಗಳು ತಮ್ಮೊಳಗೆ ಆಡುವ ಮಾತು ಬೇರೆಯೇ ಇದೆ. 1984ರಲ್ಲಿ ಕೇಟಿ ಪೇನ್ ಎಂಬಾಕೆ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಏಷ್ಯದ ಆನೆಗಳ ಬಳಿ ಕುಳಿತಿದ್ದಾಗ, ಸದ್ದೇನೂ ಇಲ್ಲದಿದ್ದರೂ ಗಾಳಿ ಮಿಡಿಯುತ್ತಿರುವಂತೆ ಆಕೆಗೆ ಅನ್ನಿಸಿತು. ಯಂತ್ರದಿಂದ ಅಳೆದಾಗ 14ರಿಂದ 24 ಹರ್ಟ್ಸ್ ಆವರ್ತಾಂಕದ ಕೂಗುಗಳು ದೊರೆತುವು. ಮನುಷ್ಯನ ಕಿವಿಯ ಕೆಳಗಿನ ಮಿತಿ ಸುಮಾರು 20 ಹರ್ಟ್ಸ್. ತಂತಿ ಉದ್ದವಾದಷ್ಟೂ ಶ್ರುತಿ ತಗ್ಗುತ್ತದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಆನೆಯ ಧ್ವನಿತಂತುಗಳು ಸುಮಾರು 10 ಸೆಂಟಿಮೀಟರು ಉದ್ದ, ನಮ್ಮವು ಎರಡು ಸೆಂಟಿಮೀಟರಿಗೂ ಕಡಮೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 340 ಮೀಟರೆಂದಿಟ್ಟುಕೊಂಡರೆ, 17 ಹರ್ಟ್ಸ್ ಧ್ವನಿಯ ತರಂಗಾಂತರ 20 ಮೀಟರು. ಇಷ್ಟು ನೀಳವಾದ ಅಲೆಗೆ ಮರದ ಬೊಡ್ಡೆಗಳು ಅಡ್ಡಿಯೇ ಅಲ್ಲ. ಕಾಡಿನ ಮೂಲಕ ಅದು ಕಿಲೋಮೀಟರುಗಟ್ಟಲೆ ಸಾಗಬಲ್ಲುದು. ನಾವು ತುಂಗೆಯ ದಡದಲ್ಲಿ ನಿಂತು "ಆನೆ ಹೇಳುವುದಿಲ್ಲವಲ್ಲ" ಎನ್ನುತ್ತಿದ್ದ ಹೊತ್ತಿನಲ್ಲಿಯೇ ಅವು ಏನನ್ನಾದರೂ ಹೇಳಿಕೊಳ್ಳುತ್ತಿದ್ದಿರಬಹುದು.

ಟೋಪಿಯ ಅಪಾಯ

ಕಪಿಗೆ ಟೋಪಿ ತೊಡಿಸುವುದು ನಿರಪಾಯವಾದ ವಿನೋದವೆಂದು ನಾನೂ ಎಣಿಸಿದ್ದೆ. 2008ರಲ್ಲಿ ಸ್ಟೀಫನ್ ರಾಸ್ ಮತ್ತು ಸಂಗಡಿಗರು ಪ್ರಕಟಿಸಿದ ಸಮೀಕ್ಷೆಯೊಂದು ಬೇರೆ ವಿಚಾರವನ್ನು ತಿಳಿಸುತ್ತದೆ. ಗೊರಿಲ್ಲಾ, ಒರಾಂಗುಟಾನ್‌ಗಳು ಅಳಿವಿನಂಚಿನಲ್ಲಿವೆಯೆಂದು ತಿಳಿದಿದ್ದವರಿಗಿಂತ, ಚಿಂಪಾಂಜಿ ಹಾಗಿದೆಯೆಂದು ತಿಳಿದಿದ್ದವರು ಕಡಮೆ. ಜಾಹೀರಾತು, ಚಲಚ್ಚಿತ್ರ, ದೂರದರ್ಶನಗಳಲ್ಲಿ ಅದನ್ನು ಮೇಲಿಂದಮೇಲೆ ಕಾಣುತ್ತಿದ್ದುದರಿಂದ ಅದು ಹೇರಳವಾಗಿದೆಯೆಂದೇ ಅನೇಕರು ನಂಬಿದ್ದರು. ವಾಸ್ತವವಾಗಿ ಚಿಂಪಾಂಜಿಯೂ ಅಳಿವಿನ ಭೀತಿಯಲ್ಲಿರುವ ಪ್ರಾಣಿಯೇ.

ಆನೆಯ ಸ್ಥಿತಿಯೂ ನಮ್ಮ ಮಲೆನಾಡಿನಲ್ಲಿ ಚಿಂತೆಗೆ ಎಡೆಯಾದುದು. ಹಬ್ಬದ ಅಲಂಕಾರದಲ್ಲಿ ಅದು ದೇವರು. ತೋಟಕ್ಕೆ ನುಗ್ಗಿದಾಗ ಶತ್ರು. ಅದು ಯಾವ ದಾರಿಯನ್ನು ನೆನಪಿಟ್ಟುಕೊಂಡು ಬಂದಿತು, ಯಾವ ವಾಸನೆಯನ್ನು ಹಿಡಿದು ಬಂದಿತು, ಆ ದಾರಿಯಲ್ಲಿ ನಾವು ಏನನ್ನು ಕಟ್ಟಿದೆವು ಎಂದು ಹೆಜ್ಜೆಗುರುತನ್ನು ಓದುವವರು ಕೆಲವರೇ. ಬೆಳೆ ಕಳೆದುಕೊಂಡ ರೈತನ ನೋವು ನಮಗೆ ಅವನ ಬಾಯಿಂದಲೇ ತಿಳಿಯುತ್ತದೆ. ಆನೆಯ ಪಕ್ಷದ ಸಾಕ್ಷ್ಯವನ್ನು ಯಾರಾದರೂ ಹುಡುಕಿಯೇ ತರಬೇಕು. ಆ ಕೆಲಸಕ್ಕೆ ನಿಜವಾದ ಪತ್ತೇದಾರರು ಬೇಕು. ಅವರು ಮನುಷ್ಯರೇ ಆಗಿರಬೇಕು.

ಮರುವಾರ ಆ ವಿದ್ಯಾರ್ಥಿಯನ್ನು ಕರೆದು ಹೀಗೆ ಹೇಳಿದೆ: "ಕಥೆಗಾರ ಪ್ರಾಣಿಯ ತಲೆಯ ಮೇಲೆ ಗುಳ್ಳೆಯನ್ನು ಬರೆಯುತ್ತಾನೆ. ನಮಗೆ ಅದರ ಬದಲಿಗಿರುವುದು ಪ್ರಯೋಗ. ಕಾಮಿಕ್ಸನ್ನು ಓದು, ಆದರೆ ಮನೆಯ ನಾಯಿಯ ಮುಂದೆ ಎರಡು ಡಬ್ಬಿಗಳನ್ನೂ ಇಡು."

ವಾಚಕರೂ ಇದನ್ನು ಮಾಡಿನೋಡಬಹುದು. ಒಂದೇ ಬಗೆಯ ಎರಡು ಡಬ್ಬಿಗಳಿಗೂ ತಿನಿಸನ್ನು ಸವರಿ ವಾಸನೆಯನ್ನು ಸಮಮಾಡಿರಿ. ಒಂದರಲ್ಲಿ ಮಾತ್ರ ಗಟ್ಟಿಯಾದ ತಿನಿಸನ್ನಿಟ್ಟು ಎರಡನ್ನೂ ಮುಚ್ಚಿರಿ. ತಿನಿಸಿಲ್ಲದ ಡಬ್ಬಿಯನ್ನು ಮಾತ್ರ ಅಲುಗಿಸಿ, ನಾಯಿ ಯಾವುದರತ್ತ ಹೋಗುತ್ತದೆಂದು ಬರೆದಿಡಿರಿ. ಅಲುಗಿಸಿದವನು ಆಮೇಲೆ ಹಿಂದಕ್ಕೆ ತಿರುಗಿ ನಿಲ್ಲಲಿ. ಫಲವನ್ನು ಬರೆದುಕೊಳ್ಳುವವನಿಗೆ ತಿನಿಸಿರುವ ಡಬ್ಬಿ ಯಾವುದೆಂದು ತಿಳಿದಿರಬಾರದು. ಲೆಕ್ಕ ಮಾಡುತ್ತದೆಂದು ಹೆಸರಾಗಿದ್ದ ಹಾನ್ಸ್ ಎಂಬ ಜರ್ಮನಿಯ ಕುದುರೆ, ಎದುರಿಗಿದ್ದವರ ಮುಖಚಲನೆಯನ್ನು ನೋಡಿಯೇ ಉತ್ತರ ಕೊಡುತ್ತಿದ್ದಿತೆಂದು ಓಸ್ಕರ್ ಫುಂಗ್‌ಸ್ಟ್ 1907ರಲ್ಲಿ ತೋರಿಸಿದ್ದಾನೆ. ತಿನಿಸನ್ನು ಬಲಕ್ಕೂ ಎಡಕ್ಕೂ ಬದಲಾಯಿಸುತ್ತ ಕಡಮೆಯೆಂದರೆ ಇಪ್ಪತ್ತು ಬಾರಿ ಮಾಡಿರಿ. ನಾಯಿ ಸೋತರೆ ದಡ್ಡನೆಂದು ಬರೆಯಬೇಡಿ; ಪ್ರಶ್ನೆಯನ್ನು ಅದರ ಭಾಷೆಯಲ್ಲಿ ಕೇಳಿದೆವೇ ಎಂದು ಮೊದಲು ಯೋಚಿಸಿರಿ.